ವನಜಕ್ಕನ ಫೋನು, ನಮ್ಮ ಗುಟ್ಟು

“ರೇಖಾ... ಕ್ಲಿನಿಕ್‌ನಿಂದ ಫೋನು! ರಿಪೋರ್ಟ್ ಪಾಸಿಟಿವ್ ಅಂತೆ! ಸ್ವೀಟ್ ಯಾವಾಗ?”

ಈಚೆಗೆ ಒಂದು ಸಂಜೆ ನಮ್ಮ ಬಿಲ್ಡಿಂಗ್‌ನ ಅಂಗಳದಲ್ಲಿ ನಿಂತು ವನಜಕ್ಕ ಕೂಗಿದ್ದು ಹೀಗೆ. ರೇಖಾ ನನ್ನ ಹೆಂಡತಿ. ನಾವಿರುವುದು ಮೂರನೆಯ ಮಹಡಿಯಲ್ಲಿ. ಸುದ್ದಿ ನಮಗಿಂತ ಮೊದಲು ಕೆಳಗಿನ ಎರಡು ಮಹಡಿಗಳಿಗೆ ತಲುಪಿತ್ತು.

(ಈಗ ಮೂರು ತಿಂಗಳು ತುಂಬಿದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗ್‌ನಲ್ಲಿ ಫೋನ್ ಇರುವುದು ನೆಲಮಹಡಿಯ ವನಜಕ್ಕನ ಮನೆಯಲ್ಲಿ ಮಾತ್ರ. ನಾವೂ ಅರ್ಜಿ ಹಾಕಿದ್ದೇವೆ. ಹುಟ್ಟುವ ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ಬರಬಹುದು. ಅಲ್ಲಿಯವರೆಗೆ ಆಫೀಸಿಗೂ, ನೆಂಟರಿಗೂ, ಡಾಕ್ಟರಿಗೂ ಎಲ್ಲರೂ ಕೊಡುವುದು ಅದೇ ನಂಬರು, ಫೋನ್ ನಮ್ಮದಲ್ಲ, ಕರೆದುಕೊಡುತ್ತಾರೆ ಎಂಬರ್ಥದ ‘ಪಿ.ಪಿ.’ಯನ್ನು ಪಕ್ಕದಲ್ಲಿ ಬರೆದು. ಉಡುಪಿ ಕಡೆಯ ವನಜಕ್ಕ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಮಂಡಿನೋವು, ಮೆಟ್ಟಿಲು ಹತ್ತಲಾರರು. ಅದಕ್ಕೇ ಈ ಕೂಗು.

ಆದರೆ ರೇಖಾ ಅತ್ತಳು. ಹಿಂದೊಮ್ಮೆ ಬಸಿರು ನಿಂತಿರಲಿಲ್ಲ. ಆಗ ಎಲ್ಲರಿಗೂ ಗೊತ್ತಿತ್ತು. ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಅವಳು ಉತ್ತರ ಹೇಳಬೇಕಾಯಿತು. ಈ ಸಲ ಮೂರು ತಿಂಗಳು ತುಂಬುವವರೆಗೆ ತವರಿಗೂ ಹೇಳುವುದು ಬೇಡ ಎಂದಿದ್ದಳು. ನನಗೆ ಸಿಟ್ಟು ಬಂತು. ಯಾರ ಮೇಲೆ? ಫೋನ್ ಕೊಟ್ಟ ಪುಣ್ಯಾತ್ಗಿತ್ತಿಯ ಮೇಲೆಯೇ?

ಹೋಗಿ ಮೆಲ್ಲಗೆ ಹೇಳಿದೆ. ವನಜಕ್ಕನ ಮುಖ ಸಣ್ಣದಾಯಿತು. “ಅಯ್ಯೋ, ಒಳ್ಳೆ ಸುದ್ದಿ ಅಲ್ವಾ ಅಂತ ಕೂಗಿದ್ದು ಮಾರಾಯ್ರೆ! ಇನ್ನು ಗುಟ್ಟಿನದ್ದು ಎಂತದೂ ಕೂಗುದಿಲ್ಲ.”

ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ಅಂಗಳದಿಂದ ಅದೇ ಕಂಠ: “ರೇಖಾ... ಫೋನು! ಎಂತ ಅಂತ ನಾನು ಹೇಳುದಿಲ್ಲ, ಗುಟ್ಟು!”

ಬಾಗಿಲುಗಳೆಲ್ಲ ತೆರೆದುಕೊಂಡವು. ಎರಡನೆಯ ಮಹಡಿಯ ಮರಾಠಿ ಹೆಂಗಸು ಜೋಶಿ ಕಾಕು ಓಡಿಬಂದು ರೇಖಾಳ ಕೈ ಹಿಡಿದರು. “ಕಾಯ್ ಝಾಲಂ ಗ? ಬಾಳ್ ಠೀಕ್ ಆಹೇ ನಾ?” ಏನಾಯಿತೇ, ಮಗು ಸರಿಯಾಗಿದೆ ತಾನೇ ಎಂದು ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ರೇಖಾಳ ಮುಖ ಬಿಳಿಚಿಕೊಂಡಿತು.

ಫೋನ್ ಮಾಡಿದ್ದು ಅವಳ ತಮ್ಮ. ಮೈಸೂರಿಗೆ ರೈಲಿನ ಟಿಕೆಟ್ ಸಿಕ್ಕಿತಂತೆ!

ಯಾವುದು ಗುಟ್ಟು, ಯಾವುದು ಅಲ್ಲ ಎಂದು ವನಜಕ್ಕನಾದರೂ ಹೇಗೆ ಆರಿಸಬೇಕು, ಪಾಪ? ಕೊನೆಗೆ ರೇಖಾಳೇ ಬಿಲ್ಡಿಂಗ್‌ಗೆಲ್ಲ ಒಂದೇ ರೂಲ್ ಮಾಡಿದಳು. ಸಾವಿರಲಿ, ಮದುವೆಯಿರಲಿ, ಗ್ಯಾಸ್ ಸಿಲಿಂಡರ್ ಇರಲಿ, ಅಂಗಳದಲ್ಲಿ ಹೆಸರನ್ನಷ್ಟೇ ಕೂಗುವುದು. ಉಳಿದದ್ದು ಕೆಳಗೆ ಬಂದವರ ಕಿವಿಗೆ ಮಾತ್ರ. “ಸಿಲಿಂಡರ್ ಬಂತು ಅನ್ನೋಕೂ ಇಷ್ಟೊಂದು ನಾಟಕವಾ?” ಎಂದು ಪಕ್ಕದ ಮನೆಯವರು ಗೊಣಗಿದರು.

ಒಬ್ಬಳ ಬಸಿರು ಗುಟ್ಟಾಗಿ ಉಳಿಯಬೇಕಾದರೆ ಊರವರ ಸಿಲಿಂಡರೂ ಗುಟ್ಟಾಗಬೇಡವೇ?