ನೀರಿಲ್ಲ ಎಂದ ಲಕ್ಕಮ್ಮ

ಹಾಸನ ಸೀಮೆಯ ದುದ್ದದ ಹತ್ತಿರದ ಆ ಊರಿನಲ್ಲಿ ಲಕ್ಕಮ್ಮನ ಬಾಯಿಗೆ ಹೆದರದವರಿಲ್ಲ. ಹಾಲಿಗೆ ನೀರು ಬೆರೆಸಿದವರನ್ನು ಡೈರಿಯ ಬಾಗಿಲಲ್ಲೇ ನಿಲ್ಲಿಸಿ ಬೆವರಿಳಿಸುವ ಹೆಂಗಸು. ಅಂಥವಳು ದನಿ ತಗ್ಗಿಸುತ್ತಿದ್ದದ್ದು ಹಿತ್ತಿಲಾಚೆಯ ಜೊಂಡಿನ ಜೌಗಿನಲ್ಲಿ ಮಾತ್ರ. ಅವಳ ಒಬ್ಬಳೇ ಮಗಳು ಶಾಂತಿ ಚಿಕ್ಕಂದಿನಲ್ಲಿ ನೈದಿಲೆ ಕೀಳಲು ಹೋಗಿ ಅಲ್ಲೇ ಮುಳುಗಿದ್ದಳು. ಪ್ರತಿ ಪಿತೃಪಕ್ಷದಲ್ಲಿ ಲಕ್ಕಮ್ಮ ಮಗುವಿಗೆ ಇಷ್ಟವಾಗಿದ್ದ ಕಜ್ಜಾಯವನ್ನು ಬಾಳೆಲೆಯಲ್ಲಿ ತಂದು ನೀರಿನಂಚಿಗೆ ಎಡೆ ಇಡುತ್ತಿದ್ದಳು. ಇಟ್ಟಮೇಲೆ ಹಿಂದಿರುಗಿ ನೋಡದೆ ಮನೆಗೆ ಬರಬೇಕು, ಅದು ಅವರ ಮನೆಯ ರೂಢಿ. ಬೆನ್ನ ಹಿಂದೆ ನೀರು ಕಲಕಿದ ಸದ್ದು ಕೇಳಿದರೂ ಅವಳು ತಿರುಗಿದವಳಲ್ಲ.

ಒಂದು ಬೇಸಿಗೆ, ಜೌಗುಗಳನ್ನು ನಕ್ಷೆಗೆ ಸೇರಿಸಲು ಹಾಸನದಿಂದ ಜನ ಬರುತ್ತಾರೆಂದು ಸುದ್ದಿಯಾಯಿತು. ನಕ್ಷೆಗೆ ಸೇರಿದರೆ ಬೇಲಿ ಬೀಳುತ್ತದೆ, ದನ ಬಿಡುವಂತಿಲ್ಲ, ಕಾಲಿಡುವಂತಿಲ್ಲ ಎಂದು ಹೋಟೆಲಿನಲ್ಲಿ ಕೂತವರು ಕಾಯ್ದೆ ಅರೆದು ಕುಡಿದವರಂತೆ ಹೇಳಿದರು. ಓದಿದ್ದವರು ಒಬ್ಬರೂ ಇರಲಿಲ್ಲ. ಲಕ್ಕಮ್ಮನಿಗೆ ಅದರಲ್ಲಿ ಕೇಳಿಸಿದ್ದು, ಇನ್ನು ಎಡೆ ಇಡಲು ಬಿಡುವುದಿಲ್ಲ ಎಂಬುದಷ್ಟೇ. ತಾನೇ ಮುಂದೆ ನಿಂತು ಜೊಂಡು ಕೊಯ್ಯಿಸಿದಳು, ಕಾಲುವೆ ತೋಡಿಸಿ ಉಳಿದಿದ್ದ ನೀರನ್ನು ಹರಿಯಬಿಟ್ಟಳು, ನೆಲ ಒಣಗಿದ ಮೇಲೆ ಟ್ರ್ಯಾಕ್ಟರ್ ಹೊಡೆಸಿದಳು. ಆ ಜಮೀನಿನ ಒಡೆಯ ಧರ್ಮೇಂದ್ರ ಬೇಡವೆನ್ನಲಿಲ್ಲ. ಮಳೆ ಬಂದರೆ ಮತ್ತೆ ತುಂಬುತ್ತದಲ್ಲ ಎಂಬ ಧೈರ್ಯ. ಒಣ ಹೊಲದ ವೇಷ ಜೌಗಿಗೆ ಚೆನ್ನಾಗಿಯೇ ಒಪ್ಪಿತು.

ಬಂದವಳು ಸ್ನೇಹಲತಾ, ಫೋನಿನಲ್ಲಿ ನಕ್ಷೆ ಹಿಡಿದ ಹುಡುಗಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಇಲ್ಲಿ ನೀಲಿ ಕಾಣುತ್ತದೆ, ನಿಜಕ್ಕೂ ನೀರು ನಿಲ್ಲುತ್ತದಾ ಎಂದು ವಿಚಾರಿಸಿದಳು.

“ಇಲ್ಲಿ ನೀರು ನಿಲ್ಲಕಿಲ್ಲ ಕಣವ್ವಾ. ಮಳೆ ಬಂದ್ರೆ ಒಸಿ ಕೆಸರಾಯ್ತದೆ, ಅಷ್ಟೇಯ” ಎಂದಳು ಲಕ್ಕಮ್ಮ.

ಹುಡುಗಿ ನಂಬಿ ಗುರುತು ಅಳಿಸಿದಳು. ಅಂದು ಲಕ್ಕಮ್ಮನಿಗೆ ಊಟ ಸೇರಲಿಲ್ಲ. ಮಗಳಿರುವ ನೀರನ್ನೇ ಇಲ್ಲವೆಂದುಬಿಟ್ಟಿದ್ದಳು.

ಮರುವರ್ಷ ಧರ್ಮೇಂದ್ರ ಕಲ್ಯಾಣ ಮಂಟಪ ಕಟ್ಟಲು ಅಲ್ಲಿ ಲಾರಿಗಟ್ಟಲೆ ಮಣ್ಣು ಹೊಡೆಸಿದ. ಲಕ್ಕಮ್ಮ ಹಾಸನದ ಕಚೇರಿಗಳಿಗೆ ಅಲೆದಳು. ನಕ್ಷೆಯಲ್ಲಿದ್ದಿದ್ದರೆ ಮಣ್ಣು ತುಂಬಲು ಬಿಡುತ್ತಿರಲಿಲ್ಲ, ಎಡೆಗೆ ಯಾರ ಅಡ್ಡಿಯೂ ಇರುತ್ತಿರಲಿಲ್ಲ ಎಂದು ಅಲ್ಲಿ ತಿಳಿಯಿತು. ವಾಪಸು ಬಂದು ಲಾರಿಗೆ ಅಡ್ಡ ನಿಂತಳು. ಧರ್ಮೇಂದ್ರ ಜಗಳ ತೆಗೆಯಲಿಲ್ಲ.

“ನೀರು ನಿಲ್ಲಕಿಲ್ಲ ಅಂತ ನೀನೇ ಅಲ್ವಾ ಅತ್ತೆ ಏಳಿದ್ದು?”

ಊರವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಲಕ್ಕಮ್ಮ ಅಂದು ಲಾರಿಗೆ ದಾರಿ ಬಿಟ್ಟಳು.

ಮಳೆ ಹಿಡಿಯಿತು. ಜೌಗು ದಿಬ್ಬವಾಗಿತ್ತು, ಪಕ್ಕದ ತಗ್ಗಿನಲ್ಲಿ ಲಕ್ಕಮ್ಮನ ಮನೆ. ಮೊದಲು ಅಡುಗೆಮನೆಯ ಮೂಲೆ ತೇವವಾಯಿತು, ಆಮೇಲೆ ಬೆರಳು ಮುಳುಗುವಷ್ಟು ನೀರು ನಿಂತಿತು. ಬಳಿದು ಚೆಲ್ಲಿದಷ್ಟೂ ಬರುತ್ತಿತ್ತು. ಪಾಯದ ತೊಂದರೆ ಎಂದ ಗಾರೆಯವನು. ಲಕ್ಕಮ್ಮ ತಲೆಯಾಡಿಸಿದಳು, ಆದರೆ ಬಳಿಯುವುದನ್ನು ನಿಲ್ಲಿಸಿದಳು. ಆ ನೀರಿಗೆ ಜೊಂಡಿನ ವಾಸನೆಯಿತ್ತು.

ನಕ್ಷೆಯನ್ನು ಮತ್ತೊಮ್ಮೆ ತಾಳೆ ನೋಡಲು ಬಂದ ಸ್ನೇಹಲತಾಳನ್ನು ಕೈಹಿಡಿದು ಒಳಗೆ ಕರೆತಂದಳು.

“ಅವತ್ತು ಸುಳ್ಳೇಳ್ದೆ ಕಣವ್ವಾ. ನೀರೈತೆ. ಈಗ್ಲಾದ್ರೂ ಬರ್ಕೊ.”

ಅಡುಗೆಮನೆಯನ್ನು ಜೌಗೆಂದು ಗುರುತಿಸಲು ಬರುವುದಿಲ್ಲ ಎಂದು ಹೇಳಲಾರದೆ ಹುಡುಗಿ ಫೋನಿನಲ್ಲಿ ಮೂಲೆಯ ನೀರಿನ ಚಿತ್ರ ತೆಗೆದುಕೊಂಡಳು.

ಪಿತೃಪಕ್ಷ ಬಂತು. ಲಕ್ಕಮ್ಮ ಕಜ್ಜಾಯ ಕರಿದು, ಬಾಳೆಲೆಯಲ್ಲಿಟ್ಟು, ಮೂಲೆಯ ನೀರಿನಂಚಿಗೆ ಎಡೆ ಇಟ್ಟಳು. ಎದ್ದು ಬೆನ್ನು ತಿರುಗಿಸಿದಳು. ಹಿಂದೆ ನೀರು ಮೆಲ್ಲಗೆ ಕಲಕಿತು. ಹಿಂದಿರುಗಿ ನೋಡದೆ ಮನೆಗೆ ಹೋಗಬೇಕು. ಮನೆಯೊಳಗೇ ನಿಂತಿದ್ದ ಲಕ್ಕಮ್ಮನಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.