ಅರಸೀಕೆರೆಗೆ ಹೋಗದ ತಂತಿ

ರಂಗಿ, ಅಂದು ಅರಸೀಕೆರೆಯ ಕಣ್ಣಿನ ಡಾಕ್ಟರಿಗೆ ನಾನು ಟೆಲಿಗ್ರಾಂ ಕೊಡಲೇ ಇಲ್ಲ. ಕೊಟ್ಟೆ ಎಂದದ್ದು ಸುಳ್ಳು. ಅವರು ಬರದೇ ಹೋದದ್ದಲ್ಲ — ಅವರಿಗೆ ಗೊತ್ತೇ ಇರಲಿಲ್ಲ.

ಅರವತ್ತರ ದಶಕದ ಮಾತು. ಅಪ್ಪ ಬೇಲೂರಿನಲ್ಲಿ ಸ್ಕೂಲ್ ಮೇಷ್ಟರು. ನೀನು ನಮ್ಮ ಹಿಂದಿನ ಓಣಿಯವಳು. ಸಿಡುಬು ಬಂದು ಎರಡೂ ಕಣ್ಣಿಗೆ ಹೂ ಬಿದ್ದು ನೋಟ ಹೋಗಿತ್ತು. ಅರಸೀಕೆರೆಯ ಒಬ್ಬ ದರ್ಜಿ, ಸತ್ತವರ ಕಣ್ಣಿನ ಮೇಲಿನ ತೆಳು ಪರೆಯನ್ನು ತನ್ನ ಕಣ್ಣಿಗೆ ಹೊಲಿಸಿಕೊಂಡವನು, ತಾನೇ ಸೂಜಿಗೆ ದಾರ ಪೋಣಿಸುತ್ತಿದ್ದುದನ್ನು ಅಪ್ಪ ನೋಡಿ ಬಂದರು. ಕಾರ್ನಿಯಾ ಎನ್ನುವ ಪದವನ್ನು ಡಿಕ್ಷನರಿಯಲ್ಲಿ ಹುಡುಕಿಕೊಟ್ಟವಳು ನಾನೇ. ಮರುವಾರ ಅಪ್ಪ, ಸತ್ತ ಮೇಲೆ ಕಣ್ಣು ಕೊಡುವ ಫಾರಂಗೆ ಸೈನ್ ಹಾಕಿ, ಒಂದಾದರೂ ನಿನಗೇ ಎಂದು ಡಾಕ್ಟರಿಂದ ಮಾತು ತೆಗೆದುಕೊಂಡರು.

“ನನ್ನ ಕನ್ನಡಕಾನೂ ತಗೊಂಡ್ಬಿಡೇ ರಂಗಿ, ಅದಿಲ್ದೆ ಈ ಕಣ್ಣಿಗೆ ಏನೂ ಕಾಣಲ್ಲ.”

“ಮೊದ್ಲು ನೀವು ನೂರು ವರ್ಸ ಬಾಳಿ ಮೇಷ್ಟ್ರೆ. ನಂಗೇನ್ ಅರ್ಜೆಂಟೈತೆ?”

ನನಗೆ ಅಪ್ಪ ಹೇಳಿದ್ದು ಇಷ್ಟೇ: “ಉಸಿರು ನಿಂತ ತಕ್ಷಣ ಟೆಲಿಗ್ರಾಂ. ಕಾನ್ವೆಂಟಿನವಳು, ಅದು ನಿನ್ನ ಕೆಲಸ ಕಣಮ್ಮ.”

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಹೋದರು. ಪೋಸ್ಟ್ ಆಫೀಸಿನಲ್ಲಿ ಬರೆದೆ — ಫಾದರ್ ಎಕ್ಸ್‌ಪೈರ್ಡ್, ಕಮ್ ಫಾರ್... ಮುಂದಿನ ಪದ, ಕಣ್ಣುಗಳು ಎನ್ನುವುದು, ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಕೈ ಹೋಗಲಿಲ್ಲ. ಆ ಮುಖವನ್ನು ಯಾರೂ ಮುಟ್ಟಬಾರದು ಅನ್ನಿಸಿತೋ, ಏನೋ — ಫಾರಂ ಮಡಚಿಕೊಂಡು ಬಂದುಬಿಟ್ಟೆ.

ಬೇಡ ಎನ್ನುವವರು ಯಾರಾದರೂ ಇದ್ದರೆ ಅದು ಮಡಿ ಮೈಲಿಗೆ ನೋಡುವ ಅಮ್ಮ ಎಂದುಕೊಂಡಿದ್ದೆ. ಅವಳೋ ಅಪ್ಪನ ಕಣ್ಣಿನ ಮೇಲೆ ಒದ್ದೆ ಹತ್ತಿ ಬದಲಾಯಿಸುತ್ತ ಕೂತಿದ್ದಳು. ಪುರೋಹಿತರು ಹೊತ್ತಾಯಿತು ಎಂದರೆ, “ಅವರು ಕೊಟ್ಟ ಮಾತು. ಡಾಕ್ಟರು ಬರೋವರ್ಗೂ ಯಾರೂ ಎತ್ತಕೂಡದು,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ತಂತಿ ಕೊಟ್ಟೆಯೇನೇ?”

“ಕೊಟ್ಟೆ, ಅಮ್ಮ.”

ನೀನು ತಲೆ ಬಾಚಿಕೊಂಡು ಜಗಲಿಯಲ್ಲಿದ್ದೆ. ಬಸ್ಸಿನ ಸದ್ದಾದಾಗಲೆಲ್ಲ, “ಬಂದ್ರಾ ಅಕ್ಕಾವ್ರೆ?” ಎನ್ನುತ್ತಿದ್ದೆ. ಪೋಸ್ಟ್ ಆಫೀಸು ಎರಡು ಬೀದಿಯಾಚೆ. ಇನ್ನೂ ಟೈಮ್ ಇತ್ತು — ಅದು ನನಗೆ ಚೆನ್ನಾಗಿ ಗೊತ್ತಿತ್ತು. ಏಳಲಿಲ್ಲ. ಅಳುವೂ ಬರಲಿಲ್ಲ. ಹಲ್ಲು ಕೀಳಿಸಿದ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಹಾಗೆ. ಮೂರೂವರೆಗೆ ಎತ್ತಿದರು.

“ಡಾಕ್ಟ್ರಿಗೆ ಏನ್ ತಾಪತ್ರಯವೋ. ಬೈಬ್ಯಾಡಿ ಅವ್ರನ್ನ,” ಎಂದೆ ನೀನು. ನನ್ನ ಕೈ ಹುಡುಕಿ ಹಿಡಿದುಕೊಂಡು, ನನಗೆ ಸಮಾಧಾನ ಹೇಳಿದೆ.

ಅಮ್ಮ ಸಾಯುವವರೆಗೂ ಆ ಡಾಕ್ಟರನ್ನು ಬೈದಳು. ನಾನು ಕೇಳಿಸಿಕೊಂಡೆ. ನೀನು ಮದುವೆಯಾಗಿ ಬಸ್ತಿಹಳ್ಳಿಗೆ ಹೋದೆ, ಹೆಣ್ಣು ಹೆತ್ತೆ. ಅವಳ ಮುಖವನ್ನು ನೀನು ಬೆರಳಿನಿಂದ ಮಾತ್ರ ಬಲ್ಲೆ. ಸಾರಿ ಎನ್ನುವ ಪದ ಇದಕ್ಕೆ... ಇಲ್ಲ, ಅದನ್ನು ಬರೆಯುವುದಿಲ್ಲ.

ಈ ಕಾಗದವನ್ನು ನೀನು ಓದಲಾರೆ. ನಿನ್ನ ಮಗಳ ಕೈಯಲ್ಲಿ ಓದಿಸುವುದು ನನಗೆ ಸುಲಭ, ಆದ್ದರಿಂದ ಅಂಚೆಗೆ ಹಾಕುತ್ತಿಲ್ಲ. ಸೋಮವಾರ ಬಸ್ತಿಹಳ್ಳಿಗೆ ಬರುತ್ತೇನೆ. ನಿನ್ನೆದುರು ಕೂತು ನಾನೇ ಓದುತ್ತೇನೆ. ಮಧ್ಯೆ ನಿಲ್ಲಿಸುವುದಿಲ್ಲ.