ಸುಮಾಳ ಹಿತ್ತಲಿನ ಬಸಳೆ

ಮೊಣಕಾಲುದ್ದ ಹುಲ್ಲಿನಲ್ಲಿ ನಡೆಯುತ್ತಿದ್ದವಳು ಒಂದು ಸಿಮೆಂಟಿನ ಹೊಂಡದ ಅಂಚಿಗೆ ಬಂದು ನಿಂತೆ. ಹೂಸ್ಟನ್‌ನಿಂದ ಫುಲ್‌ಶೀರ್ ಕಡೆಗೆ ಹೋಗುವ ದಾರಿಯಲ್ಲಿದ್ದ ಹಳೆಯ ದನದ ರ‍್ಯಾಂಚ್ ಅದು.

ಹೊಂಡ ಕಾಲುವೆಯ ಹಾಗೆ ಉದ್ದಕ್ಕೆ, ಕಿರಿದಾಗಿತ್ತು. ಹಿಂದಿನ ಕಾಲದಲ್ಲಿ ಮೈಮೇಲಿನ ಉಣ್ಣಿ ಸಾಯಲೆಂದು ದನಗಳನ್ನು ಇಂಥ ಹೊಂಡಗಳಲ್ಲಿ ಔಷಧಿ ನೀರಿಗೆ ಇಳಿಸಿ ದಾಟಿಸುತ್ತಿದ್ದರು.

ಆ ಔಷಧಿ ಆರ್ಸೆನಿಕ್. ಹೊಂಡ ಒಣಗಿದರೂ ವಿಷ ಮಣ್ಣು ಬಿಟ್ಟು ಹೋಗುವುದಿಲ್ಲ...

ಎನ್ವಿರಾನ್‌ಮೆಂಟಲ್ ಸೈನ್ಸ್‌ನಲ್ಲಿ ಎಂ.ಎಸ್. ಮುಗಿಸಿ ಕನ್ಸಲ್ಟಿಂಗ್ ಕಂಪನಿ ಸೇರಿದ್ದ ಹೊಸತು. ಎರಡು ಸಾವಿರದ ಇಸವಿಯ ಆಸುಪಾಸು. ಬಿಲ್ಡರ್‌ಗಳು ಜಾಗ ಕೊಳ್ಳುವ ಮೊದಲು ಹೋಗಿ, ಅಲ್ಲಿ ಹಿಂದೆ ಏನಿತ್ತು, ನೆಲ ಕೆಟ್ಟಿದೆಯೇ ಎಂದು ನೋಡಿ ಬರುವುದು ನನ್ನ ಕೆಲಸ.

ಕನ್ನಡ ಸಂಘದ ಪಾಟ್‌ಲಕ್ ಊಟಗಳಲ್ಲಿ ಅಂಕಲ್‌ಗಳಿಗೆ ನಾನೊಂದು ತಮಾಷೆ. "ಎನ್ವಿರಾನ್‌ಮೆಂಟ್ ಅಂದ್ರೆ ಗಿಡ ನೆಡೋದಾ ವೀಣಾ? ಅದನ್ನ ಹಾಸನದಲ್ಲೇ ನೆಡಬಹುದಿತ್ತಲ್ಲಮ್ಮಾ."

ನಗುತ್ತಿದ್ದೆ. ಮೈ ಉರಿಯುತ್ತಿತ್ತು.

ಮಣ್ಣು ಟೆಸ್ಟ್ ಮಾಡಿಸಲೇಬೇಕು ಎಂದು ಬಾಸ್ ಹತ್ತಿರ ಹಟ ಹಿಡಿದೆ. ಅದು ದನ ನೀರು ಕುಡಿಯುತ್ತಿದ್ದ ತೊಟ್ಟಿ, ಅಷ್ಟೇ ಎಂದರು. ಮರುದಿನದಿಂದ ಆ ಪ್ರಾಜೆಕ್ಟ್ ಬೇರೆಯವರದಾಯಿತು.

ನನ್ನ ವೀಸಾ ಅವರ ಕೈಯಲ್ಲಿತ್ತು. ಅದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಹೊಂಡ ಮುಚ್ಚಿಹೋಯಿತು. ರಸ್ತೆ ಬಂತು, ಕಾರಂಜಿ ಬಂತು, ಮಾಡೆಲ್ ಹೋಮ್ ಬಂತು.

ಆಮೇಲೆ ಒಂದು ಭಾನುವಾರ ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ, ಗೆಳತಿ ಸುಮಾಳ ಅಪಾರ್ಟ್‌ಮೆಂಟಿನಲ್ಲಿ ಬಿಸಿಬೇಳೆಬಾತ್ ತಿನ್ನುತ್ತಾ ಕೂತಿದ್ದೇನೆ. ನಾನು ಸ್ಟೂಡೆಂಟ್ ಆಗಿದ್ದಾಗಿನಿಂದ ಹಬ್ಬ ಅಂದರೆ ಅವಳ ಮನೆಯ ಊಟ. ಆಗ ಅವಳು ತುಂಬಿದ ಬಸುರಿ.

"ಮನೆ ಫೈನಲ್ ಮಾಡಿದ್ವಿ ಕಣೆ," ಎಂದಳು. ಗಂಡ ಪ್ರಸನ್ನ ಬ್ರೋಷರ್ ತಂದು ನನ್ನ ಮುಂದೆ ಹರಡಿದ.

ಅದೇ ಜಾಗ.

ಪೂರ್ವದ ಬಾಗಿಲು, ಈಶಾನ್ಯದಲ್ಲಿ ದೇವರ ಮನೆಗೆ ಜಾಗ. ಪ್ಲ್ಯಾನನ್ನು ಮೈಸೂರಿನ ಜೋಯಿಸರಿಗೆ ಫ್ಯಾಕ್ಸ್ ಮಾಡಿ ಒಪ್ಪಿಗೆಯನ್ನೂ ಪಡೆದಾಗಿತ್ತು. ಬಾಗಿಲಿನ ದಿಕ್ಕು ಕೇಳಿದ್ದರು, ಬಚ್ಚಲಿನ ದಿಕ್ಕು ಕೇಳಿದ್ದರು. ಮಣ್ಣಿನೊಳಗೆ ಏನಿದೆ ಎಂದು ಕೇಳಿರಲಿಲ್ಲ.

ಕ್ಲೈಂಟಿನ ವಿಷಯ ಹೊರಗೆ ಹೇಳಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಸುಮಾಳ ಹೊಟ್ಟೆ ನೋಡಿದೆ. ಎಲ್ಲವನ್ನೂ ಹೇಳಿಬಿಟ್ಟೆ.

ಪ್ರಸನ್ನ ತಾಳ್ಮೆಯಿಂದ ಕೇಳಿದ. "ಗೃಹಪ್ರವೇಶಕ್ಕೆ ವಾಸ್ತು ಹೋಮ ಮಾಡಿಸ್ತೀವಲ್ಲ ವೀಣಾ... ಭೂಮಿ ದೋಷ ಏನಿದ್ರೂ ಹೋಗುತ್ತೆ."

ಆದರೂ ಒಳಗೊಳಗೆ ಅಳುಕಿರಬೇಕು. ಹೋಗಿ ಬಿಲ್ಡರ್‌ನ ಸೇಲ್ಸ್ ಆಫೀಸಿನಲ್ಲೇ ವಿಚಾರಿಸಿದ. ಯಾರು ಹೇಳಿದ್ದು ಎಂದು ಅವರು ಕೇಳಿದರಂತೆ. ಒಳ್ಳೆಯ ಹುಡುಗ, ಸುಳ್ಳು ಹೇಳಿ ಗೊತ್ತಿಲ್ಲ. ನನ್ನ ಹೆಸರು, ಕಂಪನಿ ಎರಡನ್ನೂ ಹೇಳಿ ಬಂದ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ.

ಆ ವಾರವೇ ನನ್ನ ಕೆಲಸ ಹೋಯಿತು.

ಆಸ್ಟಿನ್‌ನಲ್ಲಿ ಇಂಟರ್‌ವ್ಯೂ ಕೊಟ್ಟೆ, ಡಲ್ಲಾಸ್‌ನಲ್ಲಿ ಕೊಟ್ಟೆ. ನಮ್ಮ ಕೆಲಸದವರದ್ದು ಸಣ್ಣ ಪ್ರಪಂಚ, ಎಲ್ಲರಿಗೂ ಎಲ್ಲರೂ ಗೊತ್ತು; ಯಾರೂ ಕೆಲಸ ಕೊಡಲಿಲ್ಲ. ವೀಸಾ ಉಳಿಯಬೇಕಿತ್ತು, ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತೆ. ಮಣ್ಣು, ನೀರು, ಗಾಳಿ ಓದಲು ಏಳು ಸಮುದ್ರ ದಾಟಿ ಬಂದವಳು ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಮನೆ ಮಾಡಿ, ಯಾವುದೋ ಬ್ಯಾಂಕಿನ ವೆಬ್‌ಸೈಟಿನ ಬಟನ್ ಒತ್ತುತ್ತಾ ಕೂತೆ.

ಡಲ್ಲಾಸ್‌ನ ಅಂಕಲ್‌ಗಳಿಗೆ ಬಹಳ ಸಂತೋಷ. "ಈಗ ದಾರಿಗೆ ಬಂದೆ ನೋಡಮ್ಮಾ."

ಗೃಹಪ್ರವೇಶಕ್ಕೆ ಕರೆದಿದ್ದರು, ಹೋಗಲಿಲ್ಲ. ಸುಮಾ ಫೋಟೋ ಕಳಿಸಿದಳು. ಪಕ್ಕದ ಯಾವುದೋ ರ‍್ಯಾಂಚಿನಿಂದ ಹಸು ಕರು ತರಿಸಿದ್ದರು. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಹಸು ಲಾನ್ ಮೇಯುತ್ತಾ ನಿಂತಿತ್ತು. ಫೋಟೋ ನೋಡಿ ನನಗೆ ನಗುವೇ ಬಂತು, ಅಂಥ ಕೆಟ್ಟ ನಗು ಹಿಂದೆಂದೂ ಬಂದಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಪುಟ್ಟ ಅನಘಾ. ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಸುಮಾ ಒಂದು ದೊಡ್ಡ ಕವರ್ ತುಂಬ ಬಸಳೆ ಸೊಪ್ಪು ಕೊಟ್ಟಳು. "ನಮ್ಮ ಹಿತ್ತಲದ್ದು. ಮಣ್ಣು ಕೆಟ್ಟಿದ್ರೆ ಇಷ್ಟು ಚೆನ್ನಾಗಿ ಬರ್ತಿತ್ತಾ, ನೀನೇ ಹೇಳು. ಇವಳಂತೂ ದಿನಾ ಆ ಮಣ್ಣಲ್ಲೇ ಆಡೋದು."

ಎಲೆ ದಪ್ಪವಾಗಿ, ಹಸಿರಾಗಿ ಹೊಳೆಯುತ್ತಿತ್ತು. ಆ ಮಣ್ಣನ್ನು ಯಾರೂ ಟೆಸ್ಟ್ ಮಾಡಿಸಿಲ್ಲ. ವಿಷ ಇದೆಯೋ ಇಲ್ಲವೋ ನನಗೂ ಗೊತ್ತಿಲ್ಲ.

ಒಂದು ಹಿಡಿ ಮಣ್ಣು ಕಳಿಸು, ಲ್ಯಾಬಿನಲ್ಲಿ ನಾನೇ ನೋಡಿಸುತ್ತೇನೆ ಎಂದೆ.

ಅವಳ ಮುಖ ಸಣ್ಣದಾಯಿತು. ಅನಘಾ ಆಚೆ ರೂಮಿನಲ್ಲಿದ್ದಾಳೆ ಎಂದು ಖಚಿತಪಡಿಸಿಕೊಂಡು ಮೆಲ್ಲಗೆ ಹೇಳಿದಳು. "ಬೇಡ ಕಣೆ. ಒಂದ್ಸಲ ಗೊತ್ತಾದ್ರೆ, ಮನೆ ಮಾರೋವಾಗ ಹೇಳ್ಲೇಬೇಕಂತೆ. ಆಮೇಲೆ ಯಾರು ತಗೋತಾರೆ? ಗೊತ್ತಿಲ್ದೆ ಇರೋದೇ ವಾಸಿ."

ನನ್ನ ಮಾತನ್ನು ಅವಳು ನಂಬಲಿಲ್ಲ ಎಂದು ಇಷ್ಟು ವರ್ಷ ಸಂಕಟಪಟ್ಟಿದ್ದೆ.

ನಂಬಿದ್ದಳು.

ಅವರು ಹೊರಟ ಮೇಲೂ ಕವರ್ ಅಡುಗೆ ಕಟ್ಟೆಯ ಮೇಲೇ ಇತ್ತು. ನೀವಾಗಿದ್ದರೆ ಆ ಸೊಪ್ಪನ್ನು ಏನು ಮಾಡುತ್ತಿದ್ದಿರಿ?